ಹದಿನಾಲ್ಕು ಮೀಟರ್ ಒತ್ತುವರಿ

ಗ್ರಾಮಾಂತರ ಕ್ರೀಡಾಂಗಣದ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಹಿಂದೆ ದನದ ಸಂತೆ ನೆರೆಯುತ್ತಿದ್ದ ಮಾಳದಲ್ಲಿ, ಹಳೆಯ ಮಣ್ಣಿನ ಟ್ರ್ಯಾಕಿದ್ದ ಜಾಗದಲ್ಲೇ ತಾವು ಮಾಡಿಸಿರುವ ಹೊಸ ಓಟದ ಟ್ರ್ಯಾಕು ನಾನೂರು ಮೀಟರ್ ಇಲ್ಲ. ಮುನ್ನೂರ ಎಂಬತ್ತಾರು ಇದೆ. ಈ ಹದಿನಾಲ್ಕು ಮೀಟರಿನಿಂದಾಗಿ ಪವಿತ್ರ ಎಂಬ ಹದಿನೇಳು ವರ್ಷದ ಹುಡುಗಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸಿಗಬೇಕಾಗಿದ್ದ ಜಾಗ ಕೈತಪ್ಪುತ್ತಿದೆ. ಅವಳ ಕೋಚ್ ಮಹದೇವಮ್ಮ ಗೇಟಿನ ಹೊರಗೆ ನಿಂತಿದ್ದಾರೆ. ಆಯ್ಕೆ ಪಟ್ಟಿ ಅಂತಿಮವಾಗುವುದು ಬರುವ ತಿಂಗಳ ಹದಿನೈದಕ್ಕೆ. ಅಷ್ಟರೊಳಗೆ ತಾವು ಒಂದು ಸಾಲು ಬರೆದುಕೊಟ್ಟರೆ ಸಾಕು. ಆ ಒಂದು ಸಾಲನ್ನು ತಮ್ಮಿಂದ ಪಡೆಯಲು ನಾನು ಇಷ್ಟು ಸಾಲು ಬರೆಯಬೇಕಾಗಿದೆ. ಖಾಸಗಿಯಾಗಿ ಮೂರು ಅರ್ಜಿ ಕೊಟ್ಟಿದ್ದೆ. ಎರಡರ ಮೇಲೆ ಸ್ವೀಕೃತಿ ಮುದ್ರೆ ಬಹಳ ಸ್ಪಷ್ಟವಾಗಿ ಬಿದ್ದಿದೆ. ಮೂರನೆಯದಕ್ಕೆ ಉತ್ತರವೇ ಬಂತು. 'ಅಳತೆ ಪುಸ್ತಕದಲ್ಲಿ 400 ಮೀಟರ್ ಎಂದು ನಮೂದಾಗಿರುವುದರಿಂದ ಸದರಿ ಟ್ರ್ಯಾಕು 400 ಮೀಟರ್ ಇರುತ್ತದೆ.' ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಪ್ರಮೇಯಗಳನ್ನು ಸಾಧಿಸಿ ತೋರಿಸುತ್ತಿರುವ ನನಗೆ ಇಷ್ಟು ಚಿಕ್ಕ ಸಾಧನೆ ಎಲ್ಲೂ ಸಿಕ್ಕಿರಲಿಲ್ಲ. ಅದಕ್ಕೆ ಬಹಿರಂಗವಾಗಿಯೇ ವಂದಿಸಬೇಕು ಅನ್ನಿಸಿತು.

ನಾನು ಯಾರು ಎಂಬುದಕ್ಕೆ ಉತ್ತರ ಚಿಕ್ಕದು. ತಿ. ನರಸೀಪುರದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ವಯಸ್ಸು ನಲವತ್ತೆಂಟು. ಹೈಸ್ಕೂಲು, ಕಾಲೇಜು ಸೇರಿ ಆರು ವರ್ಷ ಮಹದೇವಮ್ಮನ ಜೊತೆ ಎಂಟುನೂರು ಮೀಟರ್ ಓಡಿದ್ದೇನೆ. 'ಜೊತೆ' ಅನ್ನುವುದು ಸೌಜನ್ಯದ ಮಾತು. ಮೊದಲ ಇನ್ನೂರು ಮೀಟರ್ ಜೊತೆಗಿರುತ್ತಿದ್ದೆ, ಉಳಿದದ್ದೆಲ್ಲ ಅವಳ ಬೆನ್ನು ನೋಡುತ್ತಿದ್ದೆ. (ಗೆಳತಿಯಾದ್ದರಿಂದ 'ಅವಳು' ಅನ್ನುತ್ತೇನೆ. ತಾವು ಅವಳಿಗೆ ಕೊಟ್ಟ ನೋಟೀಸಿನಲ್ಲಿ 'ಸದರಿಯವರು' ಅಂದಿದ್ದೀರಿ, ಅದೂ ಗೌರವವೇ.) ಹಾಗಾಗಿ ನನಗೆ ಅವಳು ಚೆನ್ನಾಗಿ ಗೊತ್ತಿರುವುದು ಬೆನ್ನಿನಿಂದ. ಎಡಭುಜ ಬಲಕ್ಕಿಂತ ತುಸು ಕೆಳಗೆ. ಎರಡು ಮಡಿಸಿ ಕಟ್ಟಿದ ಜಡೆ, ಅದಕ್ಕೆ ಕಪ್ಪು ಟೇಪು. ಕೊನೆಯ ತಿರುವಿನಲ್ಲಿ ನಮ್ಮೆಲ್ಲರ ತಲೆಯೂ ಬುಗುರಿಯಂತೆ ಓಲಾಡುವಾಗ ಅವಳ ಕುತ್ತಿಗೆ ಮಾತ್ರ ಅಲ್ಲಾಡುತ್ತಿರಲಿಲ್ಲ. ಮನುಷ್ಯರನ್ನು ಮುಖ ನೋಡಿ ತಿಳಿಯಬೇಕು ಅನ್ನುತ್ತಾರೆ. ಮುಖ ಏನನ್ನು ಬೇಕಾದರೂ ನಟಿಸಬಲ್ಲುದು, ಬೆನ್ನಿಗೆ ಆ ವಿದ್ಯೆ ಬರುವುದಿಲ್ಲ. ಈ ಹೆಂಗಸು ಸುಳ್ಳು ಹೇಳುವವಳಲ್ಲ ಎಂದು ನಾನು ಹೇಳಿದರೆ ಅದು ಆರು ವರ್ಷ ಹಿಂದಿನಿಂದ ನೋಡಿದವಳ ಸಾಕ್ಷ್ಯ.

ಅವಳ ತಂದೆ ಮಾರಯ್ಯ ಸರ್ವೆಯವರ ಹಿಂದೆ ಸರಪಳಿ ಎಳೆಯುತ್ತಿದ್ದವರು. ಕವಲಂದೆ ಕಡೆಯ ಹಳ್ಳಿ. ನಲವತ್ತು ವರ್ಷ ಬೇರೆಯವರ ಹೊಲ ಅಳೆದರು, ಸ್ವಂತಕ್ಕೆ ಅಳೆಯುವಷ್ಟು ನೆಲವಿರಲಿಲ್ಲ. ಶಾಲೆಗೆ ರಜೆ ಇದ್ದಾಗ ಮಗಳನ್ನೂ ಕರೆದೊಯ್ಯುತ್ತಿದ್ದರು. ಸರಪಳಿಯ ತುದಿ ಮುಟ್ಟಿದಲ್ಲಿ ಒಂದು ಕಬ್ಬಿಣದ ಮೊಳೆ ನೆಡುತ್ತಾರೆ. ಸರಪಳಿ ಮುಂದೆ ಹೋದ ಮೇಲೆ ಆ ಮೊಳೆಯನ್ನು ಕಿತ್ತು ಮುಂದಿನವನ ಕೈಗೆ ಮುಟ್ಟಿಸಬೇಕು. ಅದು ಅವಳ ಕೆಲಸ. ಬದು ಹಾರಬೇಕು, ಬೆಳೆ ತುಳಿಯಬಾರದು, ಸರಪಳಿಗಿಂತ ಮೊದಲು ತಲುಪಬೇಕು. ಏಳನೇ ವಯಸ್ಸಿನಿಂದ ಅವಳು ಓಡಿದ್ದು ಅಳೆದ ನೆಲದ ಮೇಲೆಯೇ. ತಾವು ಅಳೆಯದ ನೆಲ ಕೊಟ್ಟಾಗ ಅವಳ ಕಾಲಿಗೆ ಕೂಡಲೇ ತಿಳಿದದ್ದು ಅದಕ್ಕೇ ಇರಬೇಕು.

ಒಮ್ಮೆ ನಮ್ಮ ಮನೆಯ ಜಮೀನಿನ ಪಾಲಿಗೂ ಮಾರಯ್ಯ ಬಂದಿದ್ದರು. ಸರ್ವೆ ಸಾಹೇಬರಿಗೆ ಜಗುಲಿಯ ಮೇಲೆ ಲೋಟದಲ್ಲಿ ಮಜ್ಜಿಗೆ, ಸರಪಳಿ ಎಳೆದವರಿಗೆ ಅಂಗಳದಲ್ಲಿ ಬೊಗಸೆಗೆ ನೀರು. ನಾನು ಜಗುಲಿಯ ಕಂಬ ಹಿಡಿದು ನಿಂತಿದ್ದೆ. ಆಗ ಅದರಲ್ಲಿ ನನಗೆ ಏನೂ ವಿಶೇಷ ಕಾಣಲಿಲ್ಲ. ಈಗ ಇದನ್ನು ಬರೆಯುವಾಗ ಪೆನ್ನು ಸ್ವಲ್ಪ ನಿಂತಿತು ಅಷ್ಟೆ. ನಮ್ಮ ದೊಡ್ಡಪ್ಪ ಎಂದೋ ಸರಿಸಿದ್ದ ಗಡಿಕಲ್ಲನ್ನು ಆ ದಿನ ಸರಪಳಿ ಕಂಡುಹಿಡಿಯಿತು, ಪುಸ್ತಕ ಕಂಡುಹಿಡಿಯಲಿಲ್ಲ. ಬಹಳ ವರ್ಷಗಳ ಮೇಲೆ ನಾನೇ ಆ ಮಾತು ತೆಗೆದಾಗ ಮಾರಯ್ಯ ನಕ್ಕುಬಿಟ್ಟರು. "ಚೈನು ಸುಳ್ಳೇಳಾಕಿಲ್ಲ ಕನವ್ವ. ಬರ್ಕಳೋರು ಏಳ್ತಾರೆ."

ಮಹದೇವಮ್ಮನ ಸಾಧನೆಯನ್ನು ತಮ್ಮ ಕಚೇರಿಯ ಕಪಾಟಿನಲ್ಲೇ ನೋಡಬಹುದು, ಧೂಳು ಒರೆಸಿದರೆ. ನಾಲ್ಕು ವರ್ಷ ಸತತವಾಗಿ ರಾಜ್ಯಕ್ಕೆ ಮೊದಲು. ದೇಶಕ್ಕೆ ಎರಡನೆಯವಳು, ಒಂದು ಸಲ. ಆಮೇಲೆ ದೊಡ್ಡ ಶಿಬಿರಕ್ಕೆ ಕರೆದರು, ಮೊದಲ ಸಲ ಒಳ್ಳೆಯ ಬೂಟು ಕೊಟ್ಟರು. ಆ ಬೂಟಿನಲ್ಲಿ ಓಡುವುದನ್ನು ಕಾಲು ಕಲಿಯುವ ಮೊದಲೇ ಹಿಮ್ಮಡಿಯ ಮೇಲಿನ ನರ ಹರಿಯಿತು. ಇಪ್ಪತ್ತನಾಲ್ಕನೇ ವಯಸ್ಸಿಗೆ ಓಟ ಮುಗಿಯಿತು. ಸನ್ಮಾನಗಳು ಆಮೇಲೆ ಶುರುವಾದವು. ಹಾರ ಹಾಕಿಸಿಕೊಳ್ಳಲು ಕಾಲು ಬೇಕಾಗಿಲ್ಲವಲ್ಲ.

ಹತ್ತೊಂಬತ್ತು ವರ್ಷದಿಂದ ಅವಳು ಗುತ್ತಿಗೆ ಕೋಚ್. ಗುತ್ತಿಗೆ ಹನ್ನೊಂದು ತಿಂಗಳದು. ಹನ್ನೊಂದು ತಿಂಗಳಾದ ಮೇಲೆ ಒಂದು ದಿನ ವಿರಾಮ, ಮರುದಿನ ಹೊಸ ಆದೇಶ. ಆ ಒಂದು ದಿನ ಅವಳು ಸರ್ಕಾರದ ಕಣ್ಣಿನಲ್ಲಿ ಕೋಚ್ ಅಲ್ಲ, ಬರೀ ಸಾರ್ವಜನಿಕರು. ಹತ್ತೊಂಬತ್ತು ವರ್ಷವೂ ಆ ದಿನ ಅವಳು ಎಂದಿನಂತೆ ಐದೂವರೆಗೆ ಮೈದಾನಕ್ಕೆ ಬಂದಿದ್ದಾಳೆ. ಹುಡುಗಿಯರು ತಮಾಷೆ ಮಾಡುತ್ತಿದ್ದರು. "ಮಿಸ್, ಇವತ್ತು ನೀವ್ ಏಳಿದ್ ಕೇಳ್ಬೇಕಾ, ಬೇಡ್ವಾ?" ಅವಳ ಉತ್ತರವೂ ಪ್ರತಿವರ್ಷ ಒಂದೇ. "ಇವತ್ತು ಮಿಸ್ಸಲ್ಲ ಕಣ್ರೇ, ಅತ್ತೆ ಅನ್ಕಳಿ. ಓಡಿ." ಅವಳ ಪಾಠಕ್ರಮದಲ್ಲಿ ಒಂದು ವಿಚಿತ್ರವಿದೆ. ಹೊಸದಾಗಿ ಬಂದ ಹುಡುಗಿಯನ್ನು ಮೊದಲ ತಿಂಗಳು ಓಡಿಸುವುದೇ ಇಲ್ಲ. ಬರಿಗಾಲಲ್ಲಿ ಟ್ರ್ಯಾಕಿನ ಸುತ್ತ ನಡೆಸುತ್ತಾಳೆ, ಹೆಜ್ಜೆ ಎಣಿಸಿ ಹೇಳಬೇಕು. "ನೆಲ ಎಷ್ಟದೆ ಅಂತ ಮೊದ್ಲು ಕಾಲಿಗೆ ಗೊತ್ತಾಗ್ಬೇಕು, ಗಡಿಯಾರಕ್ಕೆ ಆಮೇಲೆ." ಅವಳ ಸ್ವಂತ ಲೆಕ್ಕ ಒಂದು ಸುತ್ತಿಗೆ ಐನೂರ ಅರವತ್ತು ಹೆಜ್ಜೆ.

ಇನ್ನು ಹದಿನಾಲ್ಕು ಮೀಟರ್ ಎಲ್ಲಿ ಹೋಯಿತು? ತನಿಖಾ ಸಮಿತಿ ಬೇಡ, ಮೈದಾನದ ನಡುವೆ ನಿಂತು ಸುತ್ತ ನೋಡಿದರೆ ಸಾಕು. ಮೂಲ ನಕ್ಷೆಯಲ್ಲಿ ವೇದಿಕೆ ಪಡುವಣ ಅಂಚಿನಲ್ಲಿತ್ತು. ಅಲ್ಲಿ ಮೂಡಣಕ್ಕೆ ಮುಖ ಮಾಡಿ ಕೂತರೆ ಬಾವುಟದ ದಿನ ಬೆಳಗ್ಗೆ ಒಂಬತ್ತು ಗಂಟೆಗೆ ಮುಖ್ಯ ಅತಿಥಿಗಳ ಕಣ್ಣಿಗೆ ಬಿಸಿಲು ಬೀಳುತ್ತದೆ ಎಂದು ಯಾರೋ ಸೂಕ್ಷ್ಮಮತಿಗಳು ಗಮನಿಸಿದರು. ವೇದಿಕೆ ತೆಂಕಣ ತುದಿಗೆ ಬಂತು. ತೆಂಕಣದಲ್ಲಿ ಕಾಂಪೌಂಡು, ಅದರಾಚೆ ನಾಲೆ. ವೇದಿಕೆಗೆ ಒಳಗಡೆಯೇ ಜಾಗ ಬೇಕಾಯಿತು. ಟ್ರ್ಯಾಕು ಮುಖ್ಯ ಅತಿಥಿಯಲ್ಲ ನೋಡಿ, ವಿನಯದಿಂದ ಏಳು ಮೀಟರ್ ಒಳಕ್ಕೆ ಸರಿಯಿತು. ಆಚೆಯ ನೇರದಲ್ಲಿ ಏಳು, ಈಚೆಯ ನೇರದಲ್ಲಿ ಏಳು. ಅಳತೆ ಪುಸ್ತಕ ಅಷ್ಟು ಹೊತ್ತಿಗೆ ಬರೆದಾಗಿತ್ತು. ವೇದಿಕೆ ಬಳಕೆಯಾಗುವುದು ವರ್ಷಕ್ಕೆ ಮೂರು ದಿನ, ಟ್ರ್ಯಾಕು ಉಳಿದ ಮುನ್ನೂರ ಅರವತ್ತೆರಡು ದಿನ. ಮೂರು ದಿನದ ಬಿಸಿಲಿನಿಂದ ಕೆಲವರ ಕಣ್ಣನ್ನು ಕಾಪಾಡಲು ಉಳಿದೆಲ್ಲ ದಿನ ಮಕ್ಕಳ ಕಣ್ಣಿಗೆ ಮಣ್ಣೆರಚಬೇಕೆ ಎಂದು ಕೇಳುವುದು ಒರಟಾಗುತ್ತದೆ. ಕೇಳುವುದಿಲ್ಲ.

ಕಳೆದ ಜನವರಿ ಇಪ್ಪತ್ತಾರರಂದು ಟ್ರ್ಯಾಕಿನ ಉದ್ಘಾಟನೆ. ಅಂದು ಹುಡುಗಿಯರನ್ನು ಮೊದಲು ಬರಿಗಾಲಲ್ಲಿ ಒಂದು ಸುತ್ತು ನಡೆಸುತ್ತೇನೆ ಎಂದು ಮಹದೇವಮ್ಮ ಕೇಳಿದಳು. ಮುಖ್ಯ ಅತಿಥಿಗಳಿಗೆ ಬನ್ನೂರಿನಲ್ಲಿ ಇನ್ನೊಂದು ಕಾರ್ಯಕ್ರಮವಿದೆ, ನಡೆಯಲು ಸಮಯವಿಲ್ಲ, ಓಡಿಸಿ ಅಂದಿರಿ. ಓಡಿದರು. ಒಂದು ಬೆಳಗ್ಗೆ ಮೈದಾನದ ಏಳು ದಾಖಲೆಗಳು ಮುರಿದವು. ನೌಕರರ ನಡಿಗೆ ಸ್ಪರ್ಧೆಯಲ್ಲಿ ಮಂಡಿನೋವಿನ ಕಾಂತರಾಜು ಕೂಡ ತಮ್ಮ ಹಳೆಯ ಸಮಯಕ್ಕಿಂತ ಬೇಗ ಮುಟ್ಟಿ, "ಹೊಸ ಟ್ರ್ಯಾಕು ಏನ್ ಮೆತ್ಗದೆ ಸಾ, ತಾನೇ ಎಳ್ಕೊಂಡೋಯ್ತದೆ" ಎಂದು ತಮ್ಮ ಎದುರೇ ಹೇಳಿದರು. ತಾವು ಮೈಕಿನಲ್ಲಿ ಇದು 'ದಾಖಲೆಗಳ ಮೈದಾನ' ಎಂದು ಘೋಷಿಸಿದಿರಿ. ವಾರದೊಳಗೆ ಗೇಟಿನ ಮೇಲೆ ಆ ಹೆಸರಿನ ಬೋರ್ಡೂ ಬಂತು. ನೂರು ಮೀಟರಿನ ದಾಖಲೆ ಮಾತ್ರ ಮುರಿಯಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ನೂರು ಮೀಟರನ್ನು ನೇರ ಗೆರೆಯಲ್ಲಿ ಓಡುತ್ತಾರೆ, ಟೇಪು ಹಿಡಿದು ಅಳೆಯುತ್ತಾರೆ. ಸುತ್ತು ಹೊಡೆಯುವ ಓಟಗಳಲ್ಲಿ ಮಾತ್ರ ಮಕ್ಕಳು ಒಂದೇ ರಾತ್ರಿಯಲ್ಲಿ ಗಾಳಿಯ ಮಕ್ಕಳಾಗಿಬಿಟ್ಟಿದ್ದರು.

ನಾನು ಗಮನಿಸಿದೆ. ಗಮನಿಸಿಯೂ ಏನು ಮಾಡಿದೆ ಎಂಬುದನ್ನು ಹೇಳದೆ ಈ ಪತ್ರ ಮುಂದೆ ಹೋಗಬಾರದು. ಆ ದಿನ ಎಂಟುನೂರು ಮೀಟರಿಗೆ ಮೂವರು ಸಮಯ ಹಿಡಿದೆವು, ಮೂರನೇ ಸ್ಟಾಪ್‌ವಾಚು ನನ್ನ ಕೈಯಲ್ಲಿತ್ತು. ಪವಿತ್ರ ಗೆರೆ ದಾಟಿದಳು. ಎರಡು ನಿಮಿಷ ಹನ್ನೊಂದು ಪಾಯಿಂಟ್ ಎಂಟು ಸೆಕೆಂಡು. ಹಿಂದಿನ ತಿಂಗಳಷ್ಟೇ ಅವಳು ಎರಡು ಹದಿನೆಂಟಕ್ಕೆ ಓಡಿದ್ದಳು. ಗೋಡೆಯ ಮೇಲೆ ಹೆಸರು ಸಮೇತ ಬರೆದಿದ್ದ ಈ ಮೈದಾನದ ದಾಖಲೆ ಎರಡು ಹನ್ನೆರಡು, ಒಂಬತ್ತು. ಅದು ಹಳೆಯ ಮಣ್ಣಿನ ಟ್ರ್ಯಾಕಿನಲ್ಲಿ ಮಹದೇವಮ್ಮ ಬರಿಗಾಲಲ್ಲಿ ಓಡಿದ್ದು, ಆ ಓಟದಲ್ಲಿ ನಾನು ನಾಲ್ಕನೆಯವಳು. ನನ್ನ ವಾಚು ಕೆಟ್ಟಿದೆ ಅಂದುಕೊಂಡೆ. ಪಕ್ಕದವರ ವಾಚು ನೋಡಿದೆ. ಮೂರೂ ಒಂದೇ ಹೇಳುತ್ತಿದ್ದವು. ಮೂರು ಗಡಿಯಾರ ಸರಿಯಿದ್ದರೆ ತಪ್ಪು ನೆಲದಲ್ಲಿರಬೇಕು ಎಂಬುದು ಎಂಟನೇ ತರಗತಿಯ ತರ್ಕ. ನಾನು ಆ ತರಗತಿಗೇ ಪಾಠ ಮಾಡುವವಳು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಹುಡುಗಿಯನ್ನು ಎತ್ತಿಕೊಂಡರು. ಯಾರೋ ಹಾಳೆ ಮುಂದಿಟ್ಟು, "ಮೇಡಂ, ಬೇಗ ಸೈನ್ ಆಕಿ, ಉಪ್ಪಿಟ್ಟು ಆರೋಯ್ತದೆ" ಅಂದರು. ಹಾಕಿದೆ. ಬರೆದುಕೊಳ್ಳುವವರ ಸಾಲಿನಲ್ಲಿ ನಾನೂ ನಿಂತಿದ್ದೆ ಎಂದು ಮಾರಯ್ಯನ ಮಾತು ನೆನಪಾದದ್ದು ಮನೆಗೆ ಹೋದ ಮೇಲೆ.

ಅಂದು ಸಂಜೆ ಪೆಂಡಾಲು ಬಿಚ್ಚುತ್ತಿರುವಾಗ ಮಹದೇವಮ್ಮ ಚಪ್ಪಲಿ ಬಿಟ್ಟು ಟ್ರ್ಯಾಕಿನ ಮೇಲೆ ನಡೆದಳು. ಐನೂರ ನಲವತ್ತು. ತಿರುಗಿ ಎದುರುಮುಖವಾಗಿ ನಡೆದಳು. ಐನೂರ ನಲವತ್ತು. ಮರುವಾರ ತಮ್ಮ ಕೋಣೆಗೆ ಬಂದು ಹೇಳಿದಳು. ತಾವು ನಕ್ಕು, "ನಿಮ್ಮ ದಾಖಲೆ ಹೋಯ್ತು ಅಂತ ಬೇಜಾರಾ ಮೇಡಂ? ಶಿಷ್ಯೆ ಮುರಿದ್ರೆ ಗುರುಗಳು ಖುಷಿಪಡಬೇಕು" ಅಂದಿರಂತೆ. ಎಷ್ಟು ಸೊಗಸಾದ ಬೀಗ! ಟ್ರ್ಯಾಕು ಗಿಡ್ಡ ಎಂದು ಹೇಳಬಲ್ಲ ಒಬ್ಬಳೇ ಒಬ್ಬಳು ಹಾಗೆ ಹೇಳಿದರೆ ಹೊಟ್ಟೆಕಿಚ್ಚಿನವಳಾಗುತ್ತಾಳೆ. ಹೊರಗೆ ಬಂದವಳು ನನಗೆ ಹೇಳಿದ್ದು ಇಷ್ಟೇ. "ನನ್ ಎಸ್ರು ಗೋಡೆ ಮೇಲಿಂದ ಓದ್ರೆ ಓಗ್ಲಿ ಕಣೇ ವಾಣಿ. ಆ ಮಗೀಗೆ ಅವಳ್ದಲ್ಲದ ಟೈಮ್ ಕೊಟ್ಬುಟ್ರಲ್ಲ. ಅದುನ್ನ ಅವ್ಳು ಎಲ್ಲೀಗಂಟ ಒತ್ಕಂಡ್ ಓಡಾದು?"

ಏಪ್ರಿಲಿನವರೆಗೆ ಹೊತ್ತುಕೊಂಡು ಓಡಿದಳು. ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಹೋಗುವಾಗ ತಮ್ಮ ಸಹಿಯ, ನನ್ನದೂ ಸಹಿಯಿರುವ ಪ್ರಮಾಣಪತ್ರ ಕೈಯಲ್ಲಿತ್ತು. 2:11.8. ಅಲ್ಲಿಯ ಟ್ರ್ಯಾಕಿಗೆ ವೇದಿಕೆಯ ಕಾಟವಿರಲಿಲ್ಲ, ನಾನೂರಕ್ಕೆ ನಾನೂರೂ ಇತ್ತು. ಅಲ್ಲಿ ಪವಿತ್ರ ಓಡಿದ್ದು ಎರಡು ನಿಮಿಷ ಹದಿನೈದು ಸೆಕೆಂಡು, ಒಂಬತ್ತು. ಅರ್ಹತೆಗೆ ಬೇಕಾಗಿದ್ದದ್ದು ಎರಡು ಹದಿನಾರು. ಅವಳು ಜನ್ಮದಲ್ಲೇ ಅಷ್ಟು ಬೇಗ ಓಡಿರಲಿಲ್ಲ. ತಮ್ಮ ಮೈದಾನದ ಎರಡು ಸುತ್ತು ಏಳುನೂರ ಎಪ್ಪತ್ತೆರಡು ಮೀಟರ್. ಇಲ್ಲಿಯ ಎರಡು ಹನ್ನೊಂದು, ಎಂಟನ್ನು ಎಂಟುನೂರಕ್ಕೆ ಲೆಕ್ಕ ಹಾಕಿದರೆ ಎರಡು ಹದಿನಾರೂವರೆ ದಾಟುತ್ತದೆ. ಅಂದರೆ ಹುಡುಗಿ ಮೂರು ತಿಂಗಳಲ್ಲಿ ಇನ್ನೂ ಸುಧಾರಿಸಿದ್ದಳು. ಆಯ್ಕೆ ಸಮಿತಿಗೆ ಈ ಲೆಕ್ಕ ಗೊತ್ತಿಲ್ಲ. ಅವರು ಕಂಡದ್ದು ಹನ್ನೊಂದರಿಂದ ಹದಿನೈದಕ್ಕೆ ಜಾರಿದ ಓಟಗಾರ್ತಿಯನ್ನು. 'ಸಾಮರ್ಥ್ಯ ಕುಸಿಯುತ್ತಿದೆ' ಎಂದು ಬರೆದು ಅವಳ ಹೆಸರನ್ನು ತಡೆಹಿಡಿದರು. ಎರಡು ಹದಿನೆಂಟರಿಂದ ಎರಡು ಹದಿನಾರಕ್ಕೆ ಬಂದ ಇನ್ನೊಬ್ಬ ಹುಡುಗಿಯನ್ನು 'ಪ್ರಗತಿಪಥದಲ್ಲಿದ್ದಾಳೆ' ಎಂದು ಆ ಜಾಗಕ್ಕೆ ಸೂಚಿಸಿದರು. ಪವಿತ್ರ ಹೋಗಿದ್ದದ್ದೂ ಅದೇ ಪಥದಲ್ಲಿ. ನಡುವೆ ತಮ್ಮ ಪ್ರಮಾಣಪತ್ರ ಅಡ್ಡ ಬಂತು.

ಗೆರೆ ದಾಟಿ ಸಮಯ ನೋಡಿದ ಹುಡುಗಿ ಅಲ್ಲೇ ಕೂತು ಅತ್ತಳಂತೆ. ಮಹದೇವಮ್ಮ ತಬ್ಬಿಕೊಂಡು, "ಇದು ನಿನ್ ಜೀವ್ಮಾನದ ಓಟ ಕಣವ್ವ" ಅಂದಳು. ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡಳು ಹುಡುಗಿ. ಮಾನ್ಯರೇ, ಇದೊಂದನ್ನು ತಾವು ಸ್ವಲ್ಪ ಯೋಚಿಸಬೇಕು. ಮನುಷ್ಯರಿಗೆ ಜೀವಮಾನದ ಓಟ ಒಂದೋ ಎರಡೋ ಸಿಗುತ್ತದೆ, ನನಗೆ ಒಂದೂ ಸಿಗಲಿಲ್ಲ. ಅದು ಸಿಕ್ಕ ದಿನ ಅದನ್ನು ಸೋಲು ಎಂದು ನಂಬಿ ಮನೆಗೆ ಬರುವಂತೆ ಮಾಡುವುದಕ್ಕೆ ಯಾವ ಇಲಾಖೆಯ ಅನುಮೋದನೆ ಬೇಕು?

ಆಮೇಲೆ ತಮ್ಮ ನೋಟೀಸು ಬಂತು. 'ಒಂದೋ ಸದರಿಯವರು ಸುಳ್ಳು ಸಮಯ ದಾಖಲಿಸಲು ಕಾರಣರಾಗಿರುತ್ತಾರೆ, ಇಲ್ಲವೇ ಅಸಮರ್ಪಕ ತರಬೇತಿಯಿಂದ ಕ್ರೀಡಾಪಟುವಿನ ಸಾಮರ್ಥ್ಯ ಕುಸಿಯಲು ಕಾರಣರಾಗಿರುತ್ತಾರೆ.' ಎರಡರಲ್ಲಿ ಯಾವುದು ಎಂದು ಮೂರು ದಿನದೊಳಗೆ ತಿಳಿಸಬೇಕು. ಮೂರನೆಯ ಸಾಧ್ಯತೆಗೆ ನಮೂನೆಯಲ್ಲಿ ಜಾಗವಿರಲಿಲ್ಲ. ಅವಳು ಬಿಳಿ ಹಾಳೆಯಲ್ಲಿ 'ಟ್ರ್ಯಾಕು ಅಳೆಯಿರಿ' ಎಂದು ಎರಡೇ ಪದ ಬರೆದು ಕೊಟ್ಟಳು. ಆ ವಾರವೇ ಗುತ್ತಿಗೆಯ ಹನ್ನೊಂದು ತಿಂಗಳು ಮುಗಿದು ಎಂದಿನ ಒಂದು ದಿನದ ವಿರಾಮ ಬಂತು. ಈ ಸಲದ ಆ ಒಂದು ದಿನಕ್ಕೆ ಇವತ್ತಿಗೆ ನಲವತ್ತಮೂರು ದಿನ.

ವಿರಾಮದಲ್ಲಿರುವವರನ್ನು ಗೇಟಿನೊಳಗೆ ಬಿಡಬಾರದು ಎಂದು ಈ ಸಲ ಹೊಸ ಆದೇಶವಾಗಿದೆ. ಪಾಲಿಸುವವರು ಕಾವಲುಗಾರ ಚಿಕ್ಕಸ್ವಾಮಿ. ಅವರು ಆದೇಶವನ್ನು ಅಕ್ಷರಶಃ ಪಾಲಿಸುತ್ತಾರೆ ಎಂದು ನಾನು ಸಾಕ್ಷಿ ಹೇಳಬಲ್ಲೆ. ಮಹದೇವಮ್ಮ ರಸ್ತೆಬದಿಯ ಕಲ್ಲುಬೆಂಚಿನ ಮೇಲೆ ನಿಂತು, ಕಾಂಪೌಂಡಿನ ಮೇಲಿಂದ ಒಳಗೆ ನೋಡುತ್ತಾ ಮಾತಾಡುತ್ತಾಳೆ. ಚಿಕ್ಕಸ್ವಾಮಿ ಗೇಟಿನೊಳಗೆ ನಿಂತು ಆ ಮಾತನ್ನು ಟ್ರ್ಯಾಕಿನತ್ತ ಕೂಗುತ್ತಾರೆ. "ಏ ಮಾನಸ! ಭುಜ ಇಳ್ಸು ಅಂತಾವ್ರೆ ಮೇಡಮ್ಮೋರು! ಎಗ್ಲ ಮೇಲೆ ಬಿಂದ್ಗೆ ಒತ್ತಂಗ್ ಓಡ್ಬೇಡ್ವಂತೆ!" ಬಿಂದಿಗೆಯ ಮಾತು ಅವಳು ಆಡಿದ್ದಲ್ಲ, ಚಿಕ್ಕಸ್ವಾಮಿಯ ಸೇರ್ಪಡೆ. ಕೋಚು ಒಳಗೆ ಬರಬಾರದು ಎಂದಿದೆ, ಮಾತು ಬರಬಾರದು ಎಂದು ಆದೇಶದಲ್ಲಿಲ್ಲ ಎನ್ನುತ್ತಾರೆ ಅವರು. ಈ ಸಾಲಿನಿಂದ ಅವರಿಗೆ ತೊಂದರೆ ಕೊಡಬೇಡಿ. ತಮ್ಮ ಇಡೀ ಕಚೇರಿಯಲ್ಲಿ ಆದೇಶವನ್ನು ಪೂರ್ತಿ ಓದಿದವರು ಅವರೊಬ್ಬರೇ.

ಪವಿತ್ರ ಬರುವುದನ್ನು ನಿಲ್ಲಿಸಿದ್ದಳು. ತಾಂಡವಪುರದ ಅವರ ಮನೆಗೆ ನಾನು ಹೋದೆ. ತಾಯಿ ರುದ್ರಮ್ಮ ಹಸುವಿನ ಮುಂದೆ ಕೂತು ಹಾಲು ಕರೆಯುತ್ತಿದ್ದರು. "ಕಾಲ್ನಲ್ಲಿ ಏನೋ ಓಗ್ಬುಟ್ಟದೆ ಅಂತಾಳೆ ಟೀಚ್ರಮ್ಮ. ಡಾಕ್ಟ್ರಿಗ್ ತೋರ್ಸುದ್ರೆ ಕಾಲು ಸರ್ಯಾಗದೆ ಅಂದ್ರು. ಇನ್ನೇನ್ ಮಾಡನ? ಗಾರ್ಮೆಂಟ್ಸ್‌ಗೆ ಆಳ್ ತಕ್ಕತಾವ್ರಂತೆ, ಹದಿನೆಂಟಾಗ್ಲಿ, ಕಳುಸ್ತೀನಿ. ಪಟ್ಟೀಲಿ ಎಸ್ರು ಬಂದ್ರೆ ಬೇರೆ ಮಾತು." ಹುಡುಗಿ ಬಾಗಿಲ ಹಿಂದಿನಿಂದ ಬಂದು ಕೇಳಿದ್ದು ಒಂದೇ. "ನಾಕ್ ಸೆಕೆಂಡ್ ಎಲ್ ಬಿದ್ದೋಯ್ತು ಮಿಸ್? ನಾನೇನೂ ಬುಡ್ಲಿಲ್ಲ. ಪ್ರಾಣ ಬುಟ್ ಓಡ್ದೆ." ನಾನು ಕ್ಯಾಲೆಂಡರಿನ ಹಿಂದೆ ಗುಣಾಕಾರ ಮಾಡಿ ತೋರಿಸಿದೆ. ತಲೆ ಅಲ್ಲಾಡಿಸಿದಳು, ನಂಬಲಿಲ್ಲ. ಲೆಕ್ಕ ಬಿಡಿಸಿ ತೋರಿಸಿದಾಗ ಮಕ್ಕಳು ಹಾಗೆ ತಲೆ ಅಲ್ಲಾಡಿಸುವುದನ್ನು ನಾನು ದಿನವೂ ನೋಡುತ್ತೇನೆ. ಕಾಗದದ ಮೇಲಿನದಕ್ಕೆ ಅವಳು ಒಮ್ಮೆ ಮೋಸ ಹೋಗಿದ್ದಳು. ಇನ್ನೊಂದು ಕಾಗದವನ್ನು ಯಾಕೆ ನಂಬಬೇಕು?

ಆದ್ದರಿಂದ ಕಳೆದ ಭಾನುವಾರ ಬೆಳಗ್ಗೆ ಮಾರಯ್ಯ ಬಂದರು. ಎಂಬತ್ತು ದಾಟಿದೆ. ಹಳೆಯ ಸರಪಳಿಯೊಂದನ್ನು ಗೋಣಿಚೀಲದಲ್ಲಿ ಹೊತ್ತು ತಂದಿದ್ದರು. ಇಲಾಖೆ ಗುಜರಿಗೆ ಎಸೆದದ್ದನ್ನು ಕೇಳಿ ಇಟ್ಟುಕೊಂಡಿದ್ದಂತೆ. ಬೆಳಗಿನ ನಡಿಗೆಗೆ ಸಾರ್ವಜನಿಕರಿಗೆ ಪ್ರವೇಶವಿದೆ, ಸರಪಳಿ ತರಬಾರದು ಎಂದು ಬೋರ್ಡಿನಲ್ಲಿಲ್ಲ. ಚಿಕ್ಕಸ್ವಾಮಿ ಗೇಟು ತೆಗೆಯುತ್ತಾ ಕೆಣಕಿದರು.

"ಏನ್ ಮಾರಣ್ಣ, ಸರ್ಕಾರದ್ ಜಾಗುಕ್ಕೂ ಪೋಡಿ ಮಾಡ್ಸೀಯಾ? ನಿಂಗೆಷ್ಟ್ ಬಂತು ಪಾಲು?"

"ಪೋಡಿ ಅಲ್ಲ ಕಣ್ಲಾ, ಒತ್ತುವರಿ. ಅಗಾ ನೋಡು, ಸ್ಟೇಜು ಒತ್ತುವರಿ ಮಾಡ್ಕಂಡ್ ಕುಂತದೆ."

"ಸ್ಟೇಜ್ ಮೇಲೆ ಕೇಸ್ ಆಕ್ತೀಯಾ?"

"ನಾನ್ಯಾಕ್ ಆಕ್ಲಿ? ಅದ್ರ ಮೇಲ್ ಕುಂತ್ಕಳೋರ್ಗೆ ಒಂದ್ ಸುತ್ ಓಡಕ್ ಏಳು. ಅವ್ರ್ಗೇ ತಿಳಿತದೆ."

ಹಿಂದಿನ ತುದಿ ನಾನು ಹಿಡಿದೆ. ಮುಂದಿನ ತುದಿಗೆ ಯಾರು ಎನ್ನುವಾಗ, ನನ್ನ ಬಲವಂತಕ್ಕೆ ಬಂದು ಗೇಟಿನ ಬಳಿಯೇ ನಿಂತಿದ್ದ ಪವಿತ್ರ, "ಕೊಡು ತಾತ, ನಾನ್ ಇಡೀತೀನಿ" ಎಂದು ಕೈ ಚಾಚಿದಳು. ಮಾರಯ್ಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಒಂದೊಂದು ಸರಪಳಿಗೆ ಒಂದೊಂದು ಬೆಣಚುಕಲ್ಲು ಎತ್ತಿಟ್ಟರು. ಸರಪಳಿ ಎಂದರೆ ಮೂವತ್ತಮೂರು ಅಡಿ. ಅದರ ಹದಿನಾರನೇ ಒಂದು ಪಾಲಿಗೆ ಆಣೆ ಅನ್ನುತ್ತಾರೆ. ತಿರುವಿನಲ್ಲಿ ಹಗ್ಗ ಹಾಸಿ, ಆ ಹಗ್ಗವನ್ನು ನೇರ ಮಾಡಿ ಅಳೆದೆವು. ನಾನೂರು ಮೀಟರ್ ಇದ್ದಿದ್ದರೆ ಮೂವತ್ತೊಂಬತ್ತು ಸರಪಳಿ ಹನ್ನೆರಡಾಣೆ ಬರಬೇಕಿತ್ತು. ಬಂದದ್ದು ಮೂವತ್ತೆಂಟು ಸರಪಳಿ ಆರಾಣೆ. ಕಾಂಪೌಂಡಿನಾಚೆಯಿಂದ ಮಹದೇವಮ್ಮ ಕೂಗಿದಳು. "ಎಷ್ಟಪ್ಪಾ?" ಚಿಕ್ಕಸ್ವಾಮಿ ತಿರುಗಿಸಿ ಕೂಗಿದರು. "ಒಂದ್ ಚೈನು ಆರಾಣೆ ನುಂಗವ್ರಂತೆ ಮೇಡಮ್ಮೋರೇ!"

ಪವಿತ್ರ ಸರಪಳಿಯ ಹಿಡಿಕೆಯನ್ನು ಬಹಳ ಹೊತ್ತು ಕೈಯಲ್ಲಿಟ್ಟುಕೊಂಡು ವೇದಿಕೆಯನ್ನೇ ನೋಡಿದಳು. ಆಮೇಲೆ ಗೇಟಿನ ಬಳಿ ಹೋಗಿ ಏನೋ ಕೇಳಿದಳು. ಮಹದೇವಮ್ಮ ಬೆಂಚಿನಿಂದ ಇಳಿದು ಗೇಟಿನ ಸರಳುಗಳ ನಡುವಿನಿಂದ ಸುಣ್ಣದ ಪುಡಿಯ ಡಬ್ಬ ಕೊಟ್ಟಳು. ಹುಡುಗಿ ತಾವು ಬಣ್ಣದಲ್ಲಿ ಬರೆಸಿರುವ ಪ್ರಾರಂಭದ ಗೆರೆಯಿಂದ ಇಪ್ಪತ್ತೆಂಟು ಮೀಟರ್ ಹಿಂದಕ್ಕೆ ಟೇಪು ಹಿಡಿದು ಅಳೆದು, ಅಲ್ಲಿ ತಾನೇ ಒಂದು ಗೆರೆ ಎಳೆದಳು. ಎರಡು ಸುತ್ತಿಗೆ ತಾವು ನುಂಗಿದ ನೆಲ ಅಷ್ಟೇ ಇರುವುದು. ಅದರ ಹಿಂದೆ ನಿಂತಳು. ನಾನು ವಾಚು ಹಿಡಿದೆ. ಚಿಕ್ಕಸ್ವಾಮಿ ಸೀಟಿ ಊದಿದರು.

ಬೆನ್ನು ನೋಡುವುದು ನನಗೆ ರೂಢಿ. ಈ ಹುಡುಗಿಯ ಭುಜ ಎರಡೂ ಸಮವಿದೆ. ಆದರೆ ಕೊನೆಯ ತಿರುವಿನಲ್ಲಿ ಕುತ್ತಿಗೆ ಅಲ್ಲಾಡಲಿಲ್ಲ. ಎರಡು ನಿಮಿಷ ಹದಿನೈದು ಸೆಕೆಂಡು, ಮೂರು. ಒಂದೇ ಗಡಿಯಾರ, ಅಧಿಕೃತವಲ್ಲ. ಗೆರೆ ದಾಟಿ, ಮಂಡಿಯ ಮೇಲೆ ಕೈಯೂರಿ, ಉಸಿರು ಸಿಕ್ಕ ಮೇಲೆ ಅವಳು ಸಮಯ ಎಷ್ಟು ಎಂದು ಕೇಳಲಿಲ್ಲ. "ಎಂಟ್ನೂರೂ ಪೂರ್ತಿ ಓಡ್ದೆ ಅಲ್ವಾ ಮಿಸ್?" ಎಂದು ಕೇಳಿದಳು.

ಈಗ ನನ್ನ ಬೇಡಿಕೆ. ವೇದಿಕೆ ಒಡೆಯಬೇಡಿ, ಯಾರ ಕಣ್ಣಿಗೂ ಬಿಸಿಲು ಬೀಳದಿರಲಿ. ಆ ಸುಣ್ಣದ ಗೆರೆಯನ್ನು ಅಳಿಸಲು ಚಿಕ್ಕಸ್ವಾಮಿಗೆ ಆದೇಶ ಹೋಗಿದೆಯಂತೆ. ಅವರು ದಿನವೂ ಅಳಿಸುತ್ತಾರೆ, ಹುಡುಗಿಯರ ಓಟ ಮುಗಿದ ಮೇಲೆ. ಮರುದಿನ ಹುಡುಗಿಯರು ಮತ್ತೆ ಎಳೆಯುತ್ತಾರೆ. ಅದರ ಬದಲು ಒಂದು ಡಬ್ಬ ಬಿಳಿ ಬಣ್ಣದಲ್ಲಿ ಅಲ್ಲೇ ಒಂದು ಕಾಯಂ ಗೆರೆ ಬರೆಸಿ. ಮಹದೇವಮ್ಮನ ಒಂದು ದಿನವನ್ನು ಮುಗಿಸಿ, ಅದು ಇಪ್ಪತ್ತನಾಲ್ಕು ಗಂಟೆಯದು. ಗೋಡೆಯ ಮೇಲಿನ ಹೆಸರುಗಳ ವಿಚಾರ ಅವಳಿಗೆ ಬೇಡವಂತೆ, ನಾನೂ ಎತ್ತುವುದಿಲ್ಲ. ಮತ್ತು ಹದಿನೈದನೇ ತಾರೀಖಿನೊಳಗೆ ಆಯ್ಕೆ ಸಮಿತಿಗೆ ಆ ಒಂದು ಸಾಲು ಕಳಿಸಿ. ತಮಗೆ ಪುರುಸೊತ್ತಿಲ್ಲದಿದ್ದರೆ ಎಂದು ನಾನೇ ಬರೆದಿಟ್ಟಿದ್ದೇನೆ: 'ಪವಿತ್ರ ಎಂಬ ಕ್ರೀಡಾಪಟುವಿಗೆ ನಾವು ಕೊಟ್ಟ 2:11.8ರ ಪ್ರಮಾಣಪತ್ರ 772 ಮೀಟರ್ ಓಟದ್ದು.' ಇಷ್ಟೇ. ಕೆಳಗೆ ತಮ್ಮ ಸಹಿಗೆ ಜಾಗ ಬಿಟ್ಟಿದ್ದೇನೆ. ನನ್ನದನ್ನು ಆಗಲೇ ಹಾಕಿದ್ದೇನೆ. ಈ ಸಲ ಅಳೆದ ಮೇಲೆ ಹಾಕಿದ್ದು.

ಇಂತಿ,
ಅಂದು ಉಪ್ಪಿಟ್ಟು ಆರುವ ಮೊದಲು ಸಹಿ ಹಾಕಿದ ಮೂರನೇ ಗಡಿಯಾರ,
ವಾಣಿ
ಎಂಟುನೂರು ಮೀಟರ್ ಓಟ, ಮಾಜಿ ನಾಲ್ಕನೇ ಸ್ಥಾನ
ತಿ. ನರಸೀಪುರ